‘ಆಕಸ್ಮಿಕ’ ಎಂದು ಬರೆಯುವ ಮುನ್ನ ಪಿಸ್ತೂಲಿನ ಹೆಸರು ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಪರವಾನಗಿ ಇರುವವರ ಮನೆಯಲ್ಲಿ ಪಿಸ್ತೂಲಿನಿಂದ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಅದರ ಬಾಲಕ್ಕೆ ಒಂದೇ ಸಾಲು ಅಂಟಿಕೊಂಡಿರುತ್ತದೆ: ‘ಸ್ವಚ್ಛಗೊಳಿಸುವಾಗ ಆಕಸ್ಮಿಕವಾಗಿ ಗುಂಡು ಸಿಡಿದಿದೆ’. ಅಲ್ಲಿಗೆ ಸುದ್ದಿ ಮುಗಿಯಿತು. ಯಾವ ಕಂಪನಿಯ ಪಿಸ್ತೂಲು, ಯಾವ ಮಾದರಿ, ತೋಟೆ ತುಂಬುವ ಮ್ಯಾಗಜೀನ್ ಒಳಗಿತ್ತೋ ಹೊರಗಿತ್ತೋ, ಕೈಯಲ್ಲಿತ್ತೋ ನೆಲಕ್ಕೆ ಬಿತ್ತೋ, ಏನೂ ತಿಳಿಯುವುದಿಲ್ಲ. ಎಷ್ಟೋ ಸಲ ತಲೆಬರಹದಲ್ಲಿ ಪಿಸ್ತೂಲು, ಮೊದಲ ಪ್ಯಾರಾದಲ್ಲಿ ರಿವಾಲ್ವರ್, ಕೊನೆಗೆ ಬಂದೂಕು. 2024ರ ಅಕ್ಟೋಬರ್ 1ರಂದು ಮುಂಬೈಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಆಯುಧದ ಗುಂಡು ತಗುಲಿತಲ್ಲ, ಅದು ರಿವಾಲ್ವರ್. ಪಿಸ್ತೂಲು ಬೇರೆ ಯಂತ್ರ; ಅದು ಕೈಕೊಡುವ ಬಗೆಯೂ ಬೇರೆ. ಬೈಕ್ ಅಪಘಾತವನ್ನು ಟ್ರ್ಯಾಕ್ಟರ್ ಅಪಘಾತ ಎಂದು ಅಚ್ಚು ಹಾಕಿದರೆ ಓದುಗರು ಸುಮ್ಮನಿರುತ್ತಾರೆಯೇ?

ಈ ವ್ಯತ್ಯಾಸ ಈಗ ಮುಖ್ಯವಾಗಲು ಕಾರಣವಿದೆ. ಹೊರಗೆ ಹ್ಯಾಮರ್ (ಕುದುರೆ) ಇಲ್ಲದ, ‘ಸ್ಟ್ರೈಕರ್’ ಬಗೆಯ ಪಿಸ್ತೂಲುಗಳು ಪೊಲೀಸರ ಸೊಂಟಕ್ಕೂ ಖಾಸಗಿ ಪರವಾನಗಿದಾರರ ಬೀರುವಿಗೂ ಬರತೊಡಗಿವೆ. 9 ಎಂಎಂ ಪಿಸ್ತೂಲು ಸಾಮಾನ್ಯ ಪರವಾನಗಿಗೆ ಸಿಗದು, ಅದು ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಹಾಗಾಗಿ ನಾಗರಿಕರ ಕೈಗೆ ಬರುವುದು ಹೆಚ್ಚಾಗಿ .32 ಬೋರ್. ಆ ಬೋರಿನಲ್ಲಿ ಹಿಂದೆ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ ಮಾಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಖಾಸಗಿ ಕಂಪನಿಗಳೂ ತಯಾರಿಕೆಗೆ ಇಳಿದಿವೆ, ಅಂಗಡಿಯವರು ಕೇಳರಿಯದ ಹೆಸರುಗಳನ್ನು ಮುಂದಿಡುತ್ತಾರೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರು ಎರಡೇ ಆಯುಧ ಇಟ್ಟುಕೊಳ್ಳಬಹುದು. ಆಯ್ಕೆ ತಪ್ಪಿದರೆ ಹಳೆಯ ಫ್ರಿಜ್ ಕೊಟ್ಟು ಹೊಸದು ತಂದಷ್ಟು ಸಲೀಸಾಗಿ ಬದಲಿಸಲು ಬರುವುದಿಲ್ಲ.

ಕೊಡಗಿನಲ್ಲಿ, ಮಲೆನಾಡಿನಲ್ಲಿ ಕೋವಿ ಹೊಸತಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಕೋವಿಯ ಅಭ್ಯಾಸ ಪಿಸ್ತೂಲಿಗೆ ನೆರವಾಗುವುದಕ್ಕಿಂತ ಅಡ್ಡ ಬರುವುದೇ ಹೆಚ್ಚು. ಕೇಪಿನ ಕೋವಿಯ ಕುದುರೆ ಎತ್ತಿದೆಯೋ ಇಳಿದಿದೆಯೋ ಜಗುಲಿಯ ಆ ತುದಿಯಲ್ಲಿ ಕುಳಿತವರಿಗೂ ಕಾಣುತ್ತದೆ. ಜೋಡಿ ನಳಿಗೆಯ ತೋಟಾ ಕೋವಿಯನ್ನು ಮುರಿದು ಹಿಡಿದರೆ ಈಡು ಇದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸ್ಟ್ರೈಕರ್ ಪಿಸ್ತೂಲು ಇಂಥ ಗುಟ್ಟನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಕೆಲವು ಮಾದರಿಗಳಲ್ಲಿ ಸಣ್ಣ ಗುರುತುಗಳಿರುತ್ತವೆ, ಆದರೆ ಸಂಜೆಯ ಬೆಳಕಿನಲ್ಲಿ ಅವನ್ನು ನಂಬಿ ಕೂರುವಂತಿಲ್ಲ.

ಒಳಗಿನ ವ್ಯವಸ್ಥೆ ಹೀಗಿದೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗವೇ ಸ್ಲೈಡ್. ಅದರ ಹೊಟ್ಟೆಯೊಳಗೆ ಪೆನ್ಸಿಲ್ ತೂರುವಷ್ಟು ಅಗಲದ ಕೊಳವೆ. ಅದರಲ್ಲಿ ಸ್ಪ್ರಿಂಗ್ ಸುತ್ತಿದ ಉಕ್ಕಿನ ಕಡ್ಡಿ, ಅದೇ ಸ್ಟ್ರೈಕರ್. ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಕಡ್ಡಿಯ ಹಿಂಬದಿಯ ಕೊಕ್ಕೆ ಒಳಗಿನ ತಡೆಗೆ ಸಿಕ್ಕಿಕೊಳ್ಳುತ್ತದೆ, ಸ್ಪ್ರಿಂಗ್ ಬಿಗಿಯಾಗುತ್ತದೆ. ಗ್ಲಾಕ್‌ನಲ್ಲಿ ಆ ಬಿಗಿ ಭಾಗಶಃ ಮಾತ್ರ, ಉಳಿದದ್ದನ್ನು ಟ್ರಿಗರ್ ಎಳೆಯುವ ಬೆರಳೇ ತುಂಬಬೇಕು. ಸಿಗ್ ಸಾವರ್ ಪಿ320ರಲ್ಲಿ ಸ್ಲೈಡ್ ಎಳೆದಾಗಲೇ ಪೂರ್ತಿ ಬಿಗಿ. ತಡೆ ಕಳಚಿದರೆ ಕಡ್ಡಿ ಮುನ್ನುಗ್ಗಿ ತೋಟೆಯ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಕೇಪಿಗೆ ಬಡಿಯುತ್ತದೆ. ಇದೇನೂ ನಿನ್ನೆಯ ಕಲ್ಪನೆಯಲ್ಲ. ಬ್ರೌನಿಂಗ್ 1910ನೇ ಮಾದರಿಯಲ್ಲೇ ಸ್ಟ್ರೈಕರ್ ಇತ್ತು. 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಆರಿಸಿಕೊಂಡ ಮೇಲೆ ಲೋಕವೆಲ್ಲ ಅತ್ತ ವಾಲಿತು. ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಬಳಿ ಇರುವುದೂ ಗ್ಲಾಕ್ 17.

ಬಹುಪಾಲು ಸ್ಟ್ರೈಕರ್ ಪಿಸ್ತೂಲುಗಳಿಗೆ ಹೆಬ್ಬೆರಳಿನಿಂದ ಒತ್ತುವ ‘ಲಾಕ್’ ಇರುವುದಿಲ್ಲ. ‘ಸೇಫ್ಟಿ ಎಲ್ಲಿದೆ?’ ಎಂದು ಕೇಳಿದರೆ ಅಂಗಡಿಯವರು ಟ್ರಿಗರ್ ನಡುವಿನ ಸಣ್ಣ ನಾಲಿಗೆಯನ್ನು ತೋರಿಸುತ್ತಾರೆ. ಆ ನಾಲಿಗೆಯ ಕೆಲಸ ಅರ್ಥಮಾಡಿಕೊಳ್ಳದ ಕಾರಣಕ್ಕೇ ಅನೇಕ ಗುಂಡುಗಳು ಹಾರಿವೆ. ಪಿಸ್ತೂಲು ಬಿದ್ದಾಗ ಟ್ರಿಗರ್ ತನ್ನ ತೂಕಕ್ಕೆ ತಾನೇ ಹಿಂದೆ ಸರಿಯದಂತೆ ಅದು ತಡೆಯುತ್ತದೆ, ಅಷ್ಟೇ. ಬೆರಳು, ಅಂಗಿಯ ಚುಂಗು, ಜಾಕೆಟ್ಟಿನ ದಾರ, ಮಗುವಿನ ಹೆಬ್ಬೆರಳು, ಯಾವುದೇ ಆಗಲಿ, ಟ್ರಿಗರಿನ ನಡುವೆ ಒತ್ತಿದರೆ ನಾಲಿಗೆಯೂ ಒಳಗೆ ಹೋಗುತ್ತದೆ. ಗ್ಲಾಕ್‌ನ ಟ್ರಿಗರ್ ಸುಮಾರು ಎರಡೂವರೆ ಕಿಲೋ ಭಾರಕ್ಕೆ, ಅರ್ಧ ಇಂಚು ಎಳೆತಕ್ಕೆ ಗುಂಡು ಹಾರಿಸುತ್ತದೆ. ಹ್ಯಾಮರ್ ಇಳಿದ ರಿವಾಲ್ವರಿಗೆ ಸಾಮಾನ್ಯವಾಗಿ ಇದರ ಎರಡು ಪಟ್ಟು ಬಲ ಬೇಕು.

ಈಗ ‘ಸ್ವಚ್ಛಗೊಳಿಸುವಾಗ’ ಎಂಬ ಮಾತಿಗೆ ಬರೋಣ. ಗ್ಲಾಕ್ ಮತ್ತು ಅದರ ಜಾಡಿನ ಹಲವು ಪಿಸ್ತೂಲುಗಳ ಸ್ಲೈಡ್ ಕಳಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ತಯಾರಕರ ಕೈಪಿಡಿಯಲ್ಲೇ ಹಾಗಿದೆ. ಚೇಂಬರ್, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗ, ಖಾಲಿ ಇದ್ದರೆ ‘ಟಿಕ್’ ಎಂದು ಸದ್ದಾಗಿ ಸ್ಲೈಡ್ ಕಳಚುತ್ತದೆ, ಇಲ್ಲದಿದ್ದರೆ ಮರುದಿನ ನಿಮ್ಮ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ತಪ್ಪು ನಡೆಯುವುದು ಕ್ರಮದಲ್ಲಿ. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದವರನ್ನು ನೆನೆಸಿಕೊಳ್ಳಿ. ಎಳೆದಾಗ ಚೇಂಬರಿನ ತೋಟೆ ಹೊರಗೆ ಹಾರಿತು, ಅದನ್ನು ಕಣ್ಣಾರೆ ಕಂಡರು, ಸಮಾಧಾನವಾಯಿತು. ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜೀನಿನಿಂದ ಎರಡನೆಯ ತೋಟೆ ಚೇಂಬರಿಗೆ ಸೇರಿತು, ಅದನ್ನು ಕಾಣಲಿಲ್ಲ. ಆಮೇಲೆ ಮ್ಯಾಗಜೀನ್ ತೆಗೆದರು. ಕೈಯಲ್ಲಿ ಮ್ಯಾಗಜೀನ್, ನೆಲದ ಮೇಲೆ ತೋಟೆ. ಇನ್ನೇನು, ಪಿಸ್ತೂಲು ಖಾಲಿ ಎಂದು ಯಾರಿಗಾದರೂ ಅನ್ನಿಸುತ್ತದೆ.

ಇದಕ್ಕೆ ಇನ್ನೊಂದು ಹಳೆಯ ರೂಢಿಯೂ ಸೇರಿಕೊಳ್ಳುತ್ತದೆ. ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ಒಂದು ತಡೆ ಇರುತ್ತದೆ. ಅಂಥದರ ಮೇಲೆ ಕೈ ಪಳಗಿದವರು ‘ಮ್ಯಾಗಜೀನ್ ಹೊರಗಿದ್ದರೆ ಭಯವಿಲ್ಲ’ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಗ್ಲಾಕ್ ಬಗೆಯವುಗಳಲ್ಲಿ ಆ ತಡೆ ಇಲ್ಲ. ಚೇಂಬರಿನಲ್ಲಿ ಉಳಿದ ಒಂದೇ ಒಂದು ತೋಟೆಗೆ ಮ್ಯಾಗಜೀನಿನ ಹಂಗೇ ಇಲ್ಲ.

ಸರಿಯಾದ ಕ್ರಮಕ್ಕೆ ಅರ್ಧ ನಿಮಿಷ ಸಾಕು. ಬೆರಳು ಟ್ರಿಗರಿನ ಹೊರಗೆ, ನಳಿಗೆಯ ಬಾಯಿ ಮರಳು ತುಂಬಿದ ಬಕೆಟ್ಟಿನ ಕಡೆಗೆ. ಗ್ರಾನೈಟ್, ಸಿಮೆಂಟ್ ನೆಲದ ಕಡೆಗೆ ಬೇಡ, ಗುಂಡು ಪುಟಿದೇಳುತ್ತದೆ. ಮೊದಲು ಮ್ಯಾಗಜೀನ್ ತೆಗೆದು ದೂರ ಇಡಬೇಕು. ಆಮೇಲೆ ಸ್ಲೈಡನ್ನು ಮೂರು ಸಲ ಪೂರ್ತಿ ಎಳೆಯಬೇಕು. ಮೊದಲ ಸಲ ತೋಟೆ ಹಾರಿ, ಎರಡನೆಯ ಸಲವೂ ಹಾರಿದರೆ ಮ್ಯಾಗಜೀನ್ ಇನ್ನೂ ಒಳಗೇ ಇದೆ ಎಂದರ್ಥ. ನಂತರ ಸ್ಲೈಡನ್ನು ಹಿಂದಕ್ಕೆ ಲಾಕ್ ಮಾಡಿ ಚೇಂಬರ್ ನೋಡಿ, ಕಿರುಬೆರಳು ಹಾಕಿ ಮುಟ್ಟಬೇಕು. ಕಣ್ಣು ತಾನು ನೋಡಬಯಸಿದ್ದನ್ನೇ ನೋಡುವುದುಂಟು, ಬೆರಳಿಗೆ ಆ ಚಾಳಿಯಿಲ್ಲ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಎಣ್ಣೆ ಬಟ್ಟೆ ಹಿಡಿಯಬೇಕು.

ಇನ್ನು ಪೌಚು, ಅಂದರೆ ಹೋಲ್‌ಸ್ಟರ್. ಪಿಸ್ತೂಲಿಗೆ ಲಕ್ಷ ಸುರಿದವರು ಪೌಚಿಗೆ ಮುನ್ನೂರು ರೂಪಾಯಿ ಹೆಚ್ಚಾಯಿತು ಎನ್ನುತ್ತಾರೆ. ಮೆತ್ತನೆಯ ಚರ್ಮದ ಪೌಚು ಬೆವರು ಕುಡಿದು ವರ್ಷದೊಳಗೆ ಸೊರಗುತ್ತದೆ, ಬಾಯಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲು ಒಳಗೆ ತಳ್ಳುವಾಗ ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ (ಟ್ರಿಗರ್ ಸುತ್ತಲಿನ ಬಳೆಯೊಳಗೆ) ಹೊಕ್ಕು ಬೆರಳಿನ ಕೆಲಸ ಮಾಡುತ್ತದೆ. ಗುಂಡು ತೊಡೆಗೆ ಅಥವಾ ಪೃಷ್ಠಕ್ಕೆ. ‘ಟ್ರಿಗರ್ ಮುಟ್ಟೇ ಇಲ್ಲ’ ಎಂದು ಗಾಯಗೊಂಡವರು ಹೇಳುವುದು ಸುಳ್ಳಲ್ಲ; ಮುಟ್ಟಿದ್ದು ಚರ್ಮ. ಆಯಾ ಮಾದರಿಗೇ ಅಚ್ಚು ಹೊಯ್ದ ಗಟ್ಟಿ ಪೌಚು, ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚುವಂಥದ್ದು, ಬೇಕೇ ಬೇಕು. ಅಪರಿಚಿತ ಬ್ರಾಂಡ್ ಕೊಂಡವರ ಮೊದಲ ಪಾಡು ಇಲ್ಲೇ ಶುರು. ಹೆಸರಾಂತ ಮಾದರಿಗಳಿಗೆ ಹತ್ತು ಬಗೆಯ ಪೌಚು ಸಿಗುತ್ತವೆ, ಇದಕ್ಕೆ ಒಂದೂ ಇರುವುದಿಲ್ಲ. ‘ಇದೇ ಸೈಜು, ಕೂರುತ್ತೆ ಸಾರ್’ ಎಂದು ಕೊಡುವ ಪೌಚು ಕೂರುತ್ತದೆ, ಆದರೆ ಗಾರ್ಡಿನ ಬಳಿ ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು.

ಹಾಗಾದರೆ ತಪ್ಪು ಯಾವಾಗಲೂ ಹಿಡಿದವರದೇ? ಅಲ್ಲ. ಪಿಸ್ತೂಲಿನದೇ ತಪ್ಪು ಎಂದು ಸಾಬೀತಾದ ಪ್ರಕರಣಗಳಿವೆ. ‘ಆಕಸ್ಮಿಕ’ ಎಂಬ ಪದ ಅವನ್ನೂ ಮುಚ್ಚಿಹಾಕುತ್ತದೆ ಎಂಬುದೇ ನಮ್ಮ ತಕರಾರು.

ಕ್ಯಾರಕಲ್ ಕಥೆ ನೋಡಿ. ಯುಎಇಯ ಅಬುಧಾಬಿಯ ಪಿಸ್ತೂಲು ಕಂಪನಿ, ಹೆಸರು ಮರುಭೂಮಿಯ ಕಾಡುಬೆಕ್ಕಿನದು. ಅಬುಧಾಬಿಯ ಕ್ಯಾರಕಲ್ ಶೂಟಿಂಗ್ ಕ್ಲಬ್ಬಿನ ಬೋರ್ಡು ಕೊಲ್ಲಿಯಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಗೊತ್ತಿರಬಹುದು. ಆಸ್ಟ್ರಿಯಾದ ವಿಲ್ಹೆಲ್ಮ್ ಬೂಬಿಟ್ಸ್ ವಿನ್ಯಾಸ, ಸ್ಟೈರ್ ಎಂ ಪಿಸ್ತೂಲಿನ ಹಿಂದಿದ್ದವರೂ ಅವರೇ. ದೊಡ್ಡದು ಎಫ್ ಮಾದರಿ, ಮ್ಯಾಗಜೀನಿಗೆ 18 ತೋಟೆ. ಚಿಕ್ಕದು ಸಿ, 15 ತೋಟೆ. ಕೊಂಡವರು ಮೊದಮೊದಲು ಮೆಚ್ಚಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ನಳಿಗೆ ಕೈಗೆ ತೀರಾ ಹತ್ತಿರ ಕೂರುವುದರಿಂದ ಹೊಡೆದಾಗ ಮೂತಿ ಹೆಚ್ಚು ಎಗರುವುದಿಲ್ಲ, ಟ್ರಿಗರ್ ಚಿಕ್ಕ ಎಳೆತದ್ದು, ಎರಡನೆಯ ಗುಂಡಿಗೆ ಗುರಿ ಬೇಗ ಸಿಗುತ್ತದೆ. ಹಿಂದಿನ ಗುರಿಕಣ್ಣನ್ನು ಸ್ಲೈಡಿನ ತುದಿಯಲ್ಲಿಡದೆ ಖಾಲಿ ಕೇಸ್ ಹೊರಬೀಳುವ ಕಿಂಡಿಯ ಮುಂದಿಟ್ಟ ಒಂದು ವಿಚಿತ್ರ ಮಾದರಿಯನ್ನೂ ತಂದರು. ಹತ್ತಿರದ ಗುರಿಗೆ ಅದು ಚುರುಕು, ದೂರಕ್ಕೆ ಅಷ್ಟಕ್ಕಷ್ಟೆ, ಎರಡು ಗುರಿಕಣ್ಣುಗಳ ನಡುವಿನ ಅಂತರ ಕುಗ್ಗಿತಲ್ಲ.

2013ರಲ್ಲಿ ಅಮೆರಿಕದಲ್ಲಿ ಮಾರಿದ ಸಿ ಪಿಸ್ತೂಲುಗಳನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತು. ಕೆಳಗೆ ಬಿದ್ದರೆ ಗುಂಡು ಹಾರುವ ಸಾಧ್ಯತೆ ಇತ್ತು. ಕೊನೆಗೆ ರಿಪೇರಿಯ ಗೊಡವೆಯೇ ಬೇಡವೆಂದು ಸಿ ಮಾದರಿಯ ಹಣವನ್ನೇ ಹಿಂದಿರುಗಿಸಿದರು. ಎಫ್ ಮಾದರಿಯನ್ನೂ ವಾಪಸ್ ಪಡೆಯಬೇಕಾಯಿತು. ತಿದ್ದುಪಡಿಗಳೊಂದಿಗೆ ಅದು ‘ಎನ್‌ಹಾನ್ಸ್ಡ್ ಎಫ್’ ಎಂಬ ಹೆಸರಿನಲ್ಲಿ ಮರಳಿ ಬಂತು. ಇದೇ ಕಂಪನಿಯ ಹೆಸರು ನಮ್ಮಲ್ಲಿ ಕೇಳಿಬಂದದ್ದು 2018ರಲ್ಲಿ, ಭಾರತೀಯ ಸೇನೆಗೆ 93,895 ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಪೂರೈಸುವ ಪಟ್ಟಿಯಲ್ಲಿ. ಆ ಖರೀದಿ ಕೈಗೂಡಲಿಲ್ಲ. ಈಗ ಹೈದರಾಬಾದಿನ ಐಕಾಮ್ ಕಂಪನಿಯ ಜೊತೆಗೂಡಿ ಇಲ್ಲೇ ತಯಾರಿಕೆಗೆ ಬಂದಿದೆ. ಹಳೆಯ ದೋಷವನ್ನು ಇಂದಿನ ಮಾಲಿಗೆ ಅಂಟಿಸುವುದು ನ್ಯಾಯವಲ್ಲ. ಒಪ್ಪಿಕೊಂಡು ವಾಪಸ್ ಪಡೆದ ಕಂಪನಿ, ಸುಮ್ಮನೆ ಕೂತ ಕಂಪನಿಗಿಂತ ಎಷ್ಟೋ ಮೇಲು.

ದೊಡ್ಡ ಹೆಸರಿಗೂ ಇದು ತಪ್ಪಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಸಿಗ್ ಪಿ320ರ ರೂಪವೊಂದನ್ನು ಆರಿಸಿಕೊಂಡಿತು. ಅದೇ ಆಗಸ್ಟಿನಲ್ಲಿ, ಮಾರುಕಟ್ಟೆಯಲ್ಲಿದ್ದ ಪಿ320 ಹಿಂಬದಿ ಕೆಳಗಾಗಿ ಓರೆಯಾಗಿ ಬಿದ್ದರೆ ಗುಂಡು ಹಾರುತ್ತದೆ ಎಂಬುದು ಬಯಲಾಯಿತು. ಕಾರಣ ಸರಳ: ಟ್ರಿಗರ್ ಭಾರವಾಗಿತ್ತು, ನಡುವೆ ಆ ಸಣ್ಣ ನಾಲಿಗೆ ಇರಲಿಲ್ಲ. ಪಿಸ್ತೂಲು ನೆಲಕ್ಕೆ ಬಡಿದು ಗಕ್ಕನೆ ನಿಂತರೂ ಟ್ರಿಗರ್ ತನ್ನ ತೂಕದಿಂದ ಹಿಂದಕ್ಕೆ ಸರಿಯುತ್ತಿತ್ತು, ಅಂದರೆ ಬೆರಳಿಲ್ಲದೆಯೇ ಒತ್ತಿದಂತಾಗುತ್ತಿತ್ತು. ಟ್ರಿಗರ್ ಒತ್ತದ ಹೊರತು ಸ್ಟ್ರೈಕರ್ ಮುಂದೆ ಹೋಗದಂತೆ ಒಳಗೆ ಇನ್ನೊಂದು ತಡೆ (ಸೇಫ್ಟಿ) ಇರುತ್ತದೆ; ಅದನ್ನು ಎತ್ತುವುದೂ ಟ್ರಿಗರೇ ಆದ್ದರಿಂದ ಆ ತಡೆ ಕೆಲಸಕ್ಕೆ ಬರಲಿಲ್ಲ. ಟ್ರಿಗರ್ ಹಗುರ ಮಾಡಿ, ಒಳಗಿನ ಕೆಲವು ಭಾಗ ಬದಲಿಸಿ ಕೊಟ್ಟರು. ಅಮೆರಿಕದ ತಯಾರಕರ ಸಂಘದ ಪರೀಕ್ಷೆಯಲ್ಲಿ ಪಿಸ್ತೂಲನ್ನು ನಾಲ್ಕು ಅಡಿ ಎತ್ತರದಿಂದ ರಬ್ಬರ್ ಹಾಸಿನ ಮೇಲೆ ನಿಗದಿತ ಭಂಗಿಗಳಲ್ಲಿ ಬೀಳಿಸುತ್ತಾರೆ. ನಮ್ಮ ಮನೆಯ ಟೈಲ್ಸ್ ರಬ್ಬರಲ್ಲ, ಪಿಸ್ತೂಲೂ ಭಂಗಿ ನೋಡಿಕೊಂಡು ಬೀಳುವುದಿಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಕೇಳಬೇಕಾದ್ದು ಬಣ್ಣ, ಹಿಡಿಯ ಅಂದ ಅಲ್ಲ. ಈ ಮಾದರಿಯನ್ನು ಎಲ್ಲಾದರೂ ವಾಪಸ್ ಕರೆಸಿದ್ದಾರೆಯೇ, ಯಾವ ಸೀರಿಯಲ್ ನಂಬರುಗಳು? ಸ್ಟ್ರೈಕರ್ ಸ್ಪ್ರಿಂಗ್, ಖಾಲಿ ಕೇಸನ್ನು ಚೇಂಬರಿನಿಂದ ಎಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್, ಇನ್ನೊಂದು ಮ್ಯಾಗಜೀನ್ ಕೈಗೆ ಸಿಗುತ್ತವೆಯೇ, ಅಥವಾ ‘ಆರ್ಡರ್ ಹಾಕ್ತೀವಿ’ ಎಂಬ ಉತ್ತರವೇ? ಮ್ಯಾಗಜೀನಿನ ತುಟಿ ಒಂದು ಚೂರು ಬಾಗಿದರೂ ತೋಟೆ ಮೂತಿ ಮೇಲೆತ್ತಿ ಸಿಕ್ಕಿಕೊಳ್ಳುತ್ತದೆ. ಒಂದೇ ಮ್ಯಾಗಜೀನ್ ಇದ್ದವರ ಪಿಸ್ತೂಲು ಅಲ್ಲಿಗೆ ಪೇಪರ್ ವೇಟ್.

ಮನೆಯಲ್ಲಿ, ಚೇಂಬರ್ ಖಾಲಿ ಎಂದು ಬೆರಳಿಟ್ಟು ನೋಡಿದ ಮೇಲೆ, ಎರಡು ಪರೀಕ್ಷೆ ಮಾಡಬಹುದು. ಒಂದು: ಟ್ರಿಗರ್ ಒತ್ತಿ ಹಿಡಿದೇ ಸ್ಲೈಡ್ ಎಳೆದು ಬಿಡಿ, ಆಮೇಲೆ ಟ್ರಿಗರನ್ನು ಮೆಲ್ಲಗೆ ಮುಂದೆ ಬಿಡಿ. ‘ಟಕ್’ ಎಂದು ಸ್ಪಷ್ಟವಾಗಿ ಕೂರಬೇಕು. ಮಬ್ಬಾಗಿ ಜಾರಿದರೆ ಒಳಗೆ ಸವೆತವಿದೆ. ಇನ್ನೊಂದು, ಸ್ಲೈಡ್ ಕಳಚಿದಾಗ: ತಲೆಕೆಳಗೆ ಹಿಡಿದು ಸ್ಟ್ರೈಕರಿನ ಹಿಂಬದಿಯ ಕಾಲನ್ನು ಮೊದಲು ಹಿಂದೆಳೆದು, ಮೆಲ್ಲಗೆ ಮುಂದೆ ಬಿಟ್ಟು, ಬೆರಳಿನಿಂದ ಒತ್ತಿ. ಪಕ್ಕದ ಸಣ್ಣ ಗುಂಡಿಯಂಥ ತಡೆಯನ್ನು ಮುಟ್ಟದಿದ್ದರೆ ಕಡ್ಡಿಯ ತುದಿ ತೂತಿನಿಂದ ಹೊರಗೆ ಕಾಣಕೂಡದು. ಗುಂಡಿ ಒತ್ತಿದಾಗ ಮಾತ್ರ ಇಣುಕಬೇಕು. ಒತ್ತದೆಯೇ ಇಣುಕಿದರೆ ಆ ಪಿಸ್ತೂಲಿಗೆ ತೋಟೆ ತುಂಬಬೇಡಿ, ನೇರ ಪರವಾನಗಿ ಇರುವ ದುರಸ್ತಿಗಾರರ ಬಳಿಗೆ ಒಯ್ಯಿರಿ. ಕೈಪಿಡಿಯಲ್ಲಿ ಬೇರೆ ವಿಧಾನ ಕೊಟ್ಟಿದ್ದರೆ ಅದೇ ಸರಿ. ಮರದ ಸುತ್ತಿಗೆಯಿಂದ ತಟ್ಟಿ, ಹಾಸಿಗೆಯ ಮೇಲೆ ಬೀಳಿಸಿ ನೋಡುವ ‘ಟೆಸ್ಟ್’ಗಳು ಬೇಡವೇ ಬೇಡ.

ಎಣ್ಣೆಯ ವಿಷಯಕ್ಕೆ ಬಂದರೆ ಮಳೆನಾಡಿನವರ ಕೈ ದೊಡ್ಡದು. ಜೂನ್ ಬಂತೆಂದರೆ ತುಕ್ಕಿನ ಭಯಕ್ಕೆ ಪಿಸ್ತೂಲನ್ನು ಎಣ್ಣೆಯಲ್ಲಿ ಮೀಯಿಸುತ್ತಾರೆ. ಹೊರಮೈಗೂ ನಳಿಗೆಗೂ ತೆಳು ಪಸೆ, ಸ್ಲೈಡ್ ಜಾರುವ ಹಳಿಗಳಿಗೆ ಒಂದೊಂದು ಹನಿ ಸಾಕು. ಸ್ಟ್ರೈಕರ್ ಓಡಾಡುವ ಕೊಳವೆ ಒಣಗಿರಬೇಕು. ಅಲ್ಲಿ ಎಣ್ಣೆ ನಿಂತರೆ ಹಿತ್ತಾಳೆಯ ಪುಡಿ, ಮದ್ದಿನ ಮಸಿ ಕಲಸಿ ಹಿಟ್ಟಾಗುತ್ತದೆ, ಕಡ್ಡಿ ಸೋತು ಹೋಗಿ ಕೇಪಿನ ಮೇಲೆ ನವಿರಾದ ಗುಳಿ ಮಾತ್ರ ಬೀಳುತ್ತದೆ, ಈಡು ಹಾರದು. ಹಾಗೆ ಹುಸಿಯಾದರೆ ತಕ್ಷಣ ಸ್ಲೈಡ್ ಎಳೆಯಬಾರದು. ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಮೂವತ್ತು ಎಣಿಸಿ. ತಡವಾಗಿ ಹೊತ್ತುವ ತೋಟೆಗಳುಂಟು. ಎಣ್ಣೆ ಕೇಪಿನೊಳಗೂ ಇಳಿದು ಮದ್ದು ಕೆಡಿಸುತ್ತದೆ. ಎಣ್ಣೆಯಲ್ಲಿ ತೋಯ್ದ ಪಿಸ್ತೂಲಿನಲ್ಲಿ ತಿಂಗಳುಗಟ್ಟಲೆ ಇದ್ದ ತೋಟೆ ಅಗತ್ಯ ಬಂದಾಗ ಕೈಕೊಟ್ಟರೆ ಕಾರ್ಖಾನೆಯನ್ನು ದೂರಿ ಫಲವಿಲ್ಲ.

ಇನ್ನು ಆಯುಧಪೂಜೆ, ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್. ಅರಿಶಿನ, ಕುಂಕುಮ, ಗಂಧ ಕೋವಿಯ ಮರದ ಹಿಡಿಗೆ ಬಿದ್ದರೆ ಒರೆಸಿದರಾಯಿತು. ಪಿಸ್ತೂಲಿನ ಸ್ಲೈಡಿಗೆ ಎರಚಿದ ಕುಂಕುಮ ಸಂದಿಯಿಂದ ಇಳಿದು ಎಣ್ಣೆ ಜೊತೆ ಕಲಸಿ ಒಳಗಿನ ತಡೆಗಳ ಸಣ್ಣ ಸ್ಪ್ರಿಂಗುಗಳ ಬುಡದಲ್ಲಿ ಕೂರುತ್ತದೆ, ಹೂವಿನ ನೀರು ತುಕ್ಕು ಹಿಡಿಸುತ್ತದೆ. ಖಾಲಿ ಮಾಡಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಗೆ ಕುಂಕುಮ ಹಚ್ಚಿದರೂ ಪೂಜೆ ಸಲ್ಲುತ್ತದೆ. ಮನೆ ತುಂಬ ನೆಂಟರು, ಮಕ್ಕಳು ಇರುವ ದಿನ ಅದು ಎಂಬುದೂ ನೆನಪಿರಲಿ.

‘ಟ್ರಿಗರ್ ಸ್ವಲ್ಪ ಹಗುರ ಮಾಡಿಕೊಡಿ’ ಎಂಬ ಬೇಡಿಕೆಗೆ ಒಂದೇ ಮಾತು: ಬೇಡ. ಸ್ಟ್ರೈಕರನ್ನು ಹಿಡಿದಿಡುವುದು ಎರಡು ಲೋಹದ ಅಂಚುಗಳು ಒಂದರ ಮೇಲೊಂದು ಕೂತ ಕೂದಲೆಳೆಯಷ್ಟು ಜಾಗ. ಅದನ್ನು ಉಜ್ಜಿದವರು ತಯಾರಕರ ಪರೀಕ್ಷೆಯನ್ನೇ ಉಜ್ಜಿಹಾಕಿದ ಹಾಗೆ.

ಕೊನೆಗೆ ಎರಡು ಕೋರಿಕೆ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಪಿಸ್ತೂಲಿನ ಪ್ರತಿ ಮಾರಾಟವೂ ಹೆಸರು, ವಿಳಾಸ, ಸೀರಿಯಲ್ ನಂಬರಿನೊಂದಿಗೆ ದಾಖಲಾಗುತ್ತದೆ, ಅದರಷ್ಟು ಸುಲಭವಾಗಿ ಮಾಲೀಕರನ್ನು ಹುಡುಕಬಹುದಾದ ಸರಕು ಬೇರೆ ಇಲ್ಲ. ಹೊರದೇಶದಲ್ಲಿ ಒಂದು ಮಾದರಿಯನ್ನು ವಾಪಸ್ ಕರೆಸಿದಾಗ ಇಲ್ಲಿನ ಪರವಾನಗಿದಾರರಿಗೆ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಿಂದ ಒಂದು ಪತ್ರ ಹೋಗುವ ಏರ್ಪಾಡಾಗಲಿ.

ಎರಡನೆಯದು ನಿಮ್ಮ ವರದಿಗಾರರಿಗೆ. ಠಾಣೆಯಲ್ಲಿ ಇಷ್ಟು ಕೇಳಲಿ: ಪಿಸ್ತೂಲೋ ರಿವಾಲ್ವರೋ, ತಯಾರಕರು ಯಾರು, ಮಾದರಿ ಯಾವುದು, ಮ್ಯಾಗಜೀನ್ ಒಳಗಿತ್ತೇ, ಪೌಚಿನಲ್ಲಿತ್ತೇ, ಬಿದ್ದು ಹಾರಿತೇ ಕೈಯಲ್ಲಿದ್ದಾಗ ಹಾರಿತೇ, ಹಿಂದೆ ಯಾರಾದರೂ ಬಿಚ್ಚಿ ರಿಪೇರಿ ಮಾಡಿದ್ದರೇ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಆಯುಧ ಹೋದರೆ, ಟ್ರಿಗರ್ ಎಷ್ಟು ಭಾರಕ್ಕೆ ಬಿಟ್ಟಿತು, ಬೀಳಿಸಿದಾಗ ಏನಾಯಿತು ಎಂಬ ವರದಿ ಬರಲು ತಿಂಗಳುಗಳಾಗಬಹುದು. ಬಂದ ದಿನ ಒಳಪುಟದಲ್ಲಾದರೂ ನಾಲ್ಕು ಸಾಲು ಹಾಕಿ.

ಇಂತಿ,
ಆಯುಧ ದುರಸ್ತಿ ಮತ್ತು ಗುರಿ ತರಬೇತಿಯಲ್ಲಿ ತೊಡಗಿರುವ ಓದುಗರು,
ಮಡಿಕೇರಿ